ಗದಗ ಅಂತ ಹೊಡೆದರೆ ‘ಐ ಓ ಐ’!

ಗದಗ ಊರಿಗೆ ಕಣ್ಣಿಲ್ಲದವರ ವಿದ್ಯೆ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳ ಹೆಸರು ಹೊತ್ತ ಊರು ಇದು. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿಕೊಂಡು ಬಂದ ಊರು. ತಂಬೂರಿ ಶ್ರುತಿ ಮಾಡುವ ಅಂಧ ಹುಡುಗನನ್ನು ಕಂಡು ಇಲ್ಲಿ ಯಾರೂ ‘ಅಯ್ಯೋ ಪಾಪ’ ಅನ್ನುವುದಿಲ್ಲ. ಹಾಡು ಚೆನ್ನಾಗಿದ್ದರೆ ತಲೆದೂಗುತ್ತಾರೆ, ಅಪಸ್ವರ ಬಂದರೆ ಮುಖ ಗಂಟು ಹಾಕುತ್ತಾರೆ. ಅಷ್ಟರಮಟ್ಟಿಗೆ ಊರಿಗೆ ಬುದ್ಧಿ ಬಂದಿದೆ.

ಆದರೆ ಅಂಥದೇ ಹುಡುಗ ಬಿ.ಎ. ಮುಗಿಸಿ, ಮೀಸಲಾತಿಯಲ್ಲಿ ಗುಮಾಸ್ತಿಕೆ ಪಡೆದು, ಯಾವುದೋ ಕಚೇರಿಯ ಕಂಪ್ಯೂಟರ್ ಮುಂದೆ ಬಂದು ಕೂತರೆ? ಆಗ ನೋಡಿ ಮಾತಿನ ವರಸೆ. ‘ಇಂವ ಹೆಂಗ ಟೈಪ್ ಮಾಡ್ತಾನ್ರೀ? ಫೋನ್ ಎತ್ತಾಕ ಕೂಡ್ರಸ್ರಿ ಸಾಕು.’ ರಾಜ್ಯದ ಯಾವ ಜಿಲ್ಲೆಯ ಕಚೇರಿಯ ಓಣಿಯಲ್ಲಾದರೂ ಕಿವಿಗೆ ಬೀಳಬಹುದಾದ ಮಾತು ಇದು.

ಟೈಪ್ ಮಾಡಲು ಕಣ್ಣು ಯಾಕೆ ಬೇಕು ಸ್ವಾಮಿ? ಒಂದು ಕಾಲಕ್ಕೆ ಪ್ರತಿ ತಾಲೂಕು ಕೇಂದ್ರದಲ್ಲೂ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು. ಅಲ್ಲಿ ಮೊದಲ ಪಾಠವೇ ‘ಗುಂಡಿ ನೋಡಬೇಡ’. ನೋಡಿದವನ ಬೆರಳಿನ ಮೇಲೆ ರೂಲುಕಡ್ಡಿಯ ಏಟು. ಇವತ್ತಿಗೂ ಪ್ರತಿ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಗುಂಡಿಗಳ ಮೇಲೆ ಸಣ್ಣದೊಂದು ಉಬ್ಬು ಇರುತ್ತದೆ. ತೋರುಬೆರಳು ಅಲ್ಲಿ ಕೂತರೆ ಉಳಿದ ಗುಂಡಿಗಳೆಲ್ಲ ತಾವಾಗಿ ಸಿಗುತ್ತವೆ. ಕಣ್ಣಿದ್ದವರಿಗೂ ಇಲ್ಲದವರಿಗೂ ಆ ಉಬ್ಬು ಒಂದೇ.

ಕಷ್ಟ ಇರೋದು ಬೆರಳಿನಲ್ಲಿ ಅಲ್ಲ. ಬೆರಳಿನ ಕೆಳಗಿರುವ ಗುಂಡಿಗೆ ಈ ಗಳಿಗೆಯಲ್ಲಿ ಯಾವ ಹೆಸರು ಅನ್ನೋದರಲ್ಲಿ.

ಬಾಯಿ ಬಂದ ಯಂತ್ರ

ಕಣ್ಣಿಲ್ಲದವರು ಕಂಪ್ಯೂಟರ್ ಬಳಸುವ ಬಗೆ ಬಹಳ ಜನಕ್ಕೆ ಗೊತ್ತಿಲ್ಲ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವೊಂದಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವುದು ಅದರ ಕೆಲಸ. ಒತ್ತಿದ ಗುಂಡಿ, ಬಿದ್ದ ಅಕ್ಷರ, ತೆರೆದ ಕಡತ, ಬಂದ ಎಚ್ಚರಿಕೆ ಎಲ್ಲವೂ ಕಿವಿಗೇ ಬರುತ್ತವೆ. ಮೌಸಿನ ಗೊಡವೆಯಿಲ್ಲ. ಕಡತ ತೆರೆಯುವುದರಿಂದ ಹಿಡಿದು ಮುಚ್ಚುವವರೆಗೆ ಎಲ್ಲ ಕೆಲಸವೂ ಕೀಲಿಮಣೆಯಿಂದಲೇ.

ಅಮೆರಿಕದ ‘ಜಾಸ್’ 1989ರಷ್ಟು ಹಿಂದೆಯೇ, ಡಾಸ್ ಕಾಲದಲ್ಲೇ ಹುಟ್ಟಿತು. ಒಳ್ಳೆಯ ಸಾಮಾನು, ಬೆಲೆ ಮಾತ್ರ ಬಡವರಿಗೆ ಎಟುಕದ್ದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ತರುಣ ‘ಎನ್‌ವಿಡಿಎ’ ಎಂಬ ಇನ್ನೊಂದನ್ನು ಬರೆಯಲು ಶುರು ಮಾಡಿದರು. ಅವರಂತೆಯೇ ಅಂಧರಾದ ಜೇಮ್ಸ್ ತೆಹ್ ಜೊತೆಗೂಡಿದರು. ಇದಕ್ಕೆ ಕಾಸು ಕೊಡಬೇಕಿಲ್ಲ. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಅದರ ಜೊತೆಗೇ ಬರುವ ‘ಇ-ಸ್ಪೀಕ್’ ಎಂಬ ದನಿ ಕನ್ನಡವನ್ನೂ ಓದುತ್ತದೆ. ದನಿ ಏನೋ ತಗಡಿನ ಡಬ್ಬದೊಳಗಿನಿಂದ ಬಂದ ಹಾಗಿದೆ. ಆದರೂ ಅಭ್ಯಾಸವಾದವರು ಅದನ್ನು ಕಣ್ಣಿದ್ದವರು ಓದುವ ವೇಗಕ್ಕಿಂತ ಜೋರಾಗಿ ಓಡಿಸಿಕೊಂಡು ಕೇಳುತ್ತಾರೆ. ಪಕ್ಕದವರಿಗೆ ಅದು ಬರೀ ಗಿಜಿಗಿಜಿ.

ಅಂದಮೇಲೆ ಯಂತ್ರವೂ ಇದೆ, ದನಿಯೂ ಇದೆ, ಬೆರಳೂ ಇದೆ. ಮತ್ತೆ ಎಲ್ಲಿ ಎಡವುತ್ತದೆ?

ನಾಲ್ಕು ಲೇಔಟು, ಒಂದೇ ಜಮೀನು

ಲೇಔಟ್ ಅಂದಕೂಡಲೇ ಊರಿನವರಿಗೆ ಸೈಟು ನೆನಪಾಗುತ್ತದೆ. ಇದು ಕೀಲಿಮಣೆಯ ಲೇಔಟು, ಅಂದರೆ ಯಾವ ಗುಂಡಿಗೆ ಯಾವ ಅಕ್ಷರ ಅನ್ನುವ ನಕ್ಷೆ. ಹಳೆಯ ಕನ್ನಡ ಟೈಪ್‌ರೈಟರಿಗೆ ಈ ತಲೆನೋವು ಇರಲಿಲ್ಲ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ, ಅದರ ಮೇಲೆ ಕನ್ನಡ, ಮುಗಿಯಿತು. ಇಂಗ್ಲಿಷ್ ಬೇಕಾದರೆ ಪಕ್ಕದ ಮೇಜಿನ ಯಂತ್ರಕ್ಕೆ ಎದ್ದು ಹೋಗಬೇಕು. ಕಂಪ್ಯೂಟರ್ ಹಾಗಲ್ಲ. ಒಂದೇ ಜಮೀನಿನ ಮೇಲೆ ನಾಲ್ಕು ಲೇಔಟು ಹಾಕಿ, ಒಂದೊಂದು ಮನೆಗೂ ನಾಲ್ಕು ನಂಬರು ಬರೆದಿಟ್ಟ ಹಾಗೆ.

ಮೊದಲನೆಯದು ಇಂಗ್ಲಿಷ್. ಎರಡನೆಯದು ಇನ್‌ಸ್ಕ್ರಿಪ್ಟ್. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಒಪ್ಪಿದ್ದು ಇದನ್ನು. ವಿಂಡೋಸ್‌ನಲ್ಲಿ ‘ಕನ್ನಡ’ ಅಂತ ಬಹುಕಾಲದಿಂದ ಬರುತ್ತಿರುವುದೂ ಇದೇ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂಬುದು ಅದರ ಲೆಕ್ಕ. ಹಿಂದಿ, ತೆಲುಗು, ಮಲೆಯಾಳ ಎಲ್ಲಕ್ಕೂ ಅದೇ ಜಾಗ. ಒಂದು ಕಲಿತವನಿಗೆ ಉಳಿದವೂ ಬಂದಂತೆ. ಮೂರನೆಯದು ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೂಲಕ ಸರಕಾರಿ ಕಚೇರಿಗಳಿಗೆಲ್ಲ ಹಬ್ಬಿದ ನಕ್ಷೆ. ನಾಲ್ಕನೆಯದು ಉಚ್ಚಾರಣೆಯ ದಾರಿ. ಇಂಗ್ಲಿಷಿನಲ್ಲಿ ಬರೆದರೆ ಕನ್ನಡ ಮೂಡುತ್ತದೆ. 1998ರಲ್ಲಿ ಬಂದ ‘ಬರಹ’ ಇದನ್ನು ಮನೆಮಾತು ಮಾಡಿತು. 2019ರಲ್ಲಿ ವಿಂಡೋಸ್ ಕೂಡ ಕನ್ನಡಕ್ಕೆ ಇಂಥದೊಂದನ್ನು ಸೇರಿಸಿತು.

ಈಗ ಆ ಉಬ್ಬಿರುವ ಎಫ್ ಗುಂಡಿಯನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಅದು ಎಫ್. ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸು. ನುಡಿಯಲ್ಲಿ ಅರ್ಧಾಕ್ಷರದ ಗುರುತು. ಉಚ್ಚಾರಣೆಯ ದಾರಿಯಲ್ಲಿ ಫ. ಬೆರಳಿಗೆ ಸಿಗುವ ಉಬ್ಬು ಒಂದೇ, ಹೆಸರು ನಾಲ್ಕು.

ನಮ್ಮೂರ ಹೆಸರನ್ನೇ ಹೊಡೆಯಲಿ. ಗದಗ. ಇನ್‌ಸ್ಕ್ರಿಪ್ಟ್ ಕಲಿತವನು ಐ, ಓ, ಐ ಗುಂಡಿಗಳನ್ನು ಒತ್ತುತ್ತಾನೆ. ನುಡಿ ಕಲಿತವನು ಜಿ, ಡಿ, ಜಿ ಒತ್ತುತ್ತಾನೆ. ಇಬ್ಬರದೂ ಸರಿಯೇ. ಆದರೆ ಇನ್‌ಸ್ಕ್ರಿಪ್ಟಿನವನು ಹೊಡೆಯುವಾಗ ಯಂತ್ರ ಇಂಗ್ಲಿಷಿನಲ್ಲಿ ನಿಂತಿದ್ದರೆ ಕಡತದಲ್ಲಿ ಬೀಳುವುದು ‘ಐ ಓ ಐ’. ನುಡಿಯವನು ಹೊಡೆಯುವಾಗ ಯಂತ್ರ ಇನ್‌ಸ್ಕ್ರಿಪ್ಟಿನಲ್ಲಿ ನಿಂತಿದ್ದರೆ ಬೀಳುವುದು ಒಂದು ಕೊಂಬು, ಒಂದು ಅರ್ಧಾಕ್ಷರದ ಗುರುತು, ಇನ್ನೊಂದು ಕೊಂಬು. ಊರೇ ಇಲ್ಲ, ಬರೀ ಕೊಂಬು!

ಕಣ್ಣಿದ್ದ ಗುಮಾಸ್ತ ಏನು ಮಾಡುತ್ತಾನೆ? ಪರದೆಯ ಕೆಳಗಿನ ಮೂಲೆಗೆ ಕಣ್ಣು ಹಾಯಿಸುತ್ತಾನೆ. ಅಲ್ಲಿ ಭಾಷೆಯ ಗುರುತು ಇರುತ್ತದೆ. ತಪ್ಪಿದರೂ ಎರಡಕ್ಷರ ಬೀಳುವಷ್ಟರಲ್ಲಿ ಗೊತ್ತಾಗುತ್ತದೆ. ಅಳಿಸಿ ಮುಂದೆ ಹೋಗುತ್ತಾನೆ. ಇದನ್ನೊಂದು ಕೆಲಸ ಅಂತ ಅವನು ಎಣಿಸುವುದೂ ಇಲ್ಲ. ಕಣ್ಣಿಲ್ಲದವನಿಗೆ ಆ ಮೂಲೆ ಇಲ್ಲ. ಯಾರಾದರೂ ಬಾಯಿ ಬಿಟ್ಟು ಹೇಳಬೇಕು.

ಕೈಯ ಭಾಷೆ ಬೇರೆ, ಬಾಯಿಯ ಭಾಷೆ ಬೇರೆ

ಸ್ಕ್ರೀನ್ ರೀಡರ್ ಹೇಳುವುದಿಲ್ಲವೇ ಅಂದರೆ, ಹೇಳುತ್ತದೆ. ವಿಂಡೋಸ್ ಗುಂಡಿಯ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಿದಾಗ ಹೊಸ ಕೀಲಿಮಣೆಯ ಹೆಸರನ್ನು ಎನ್‌ವಿಡಿಎ ಕೂಗುತ್ತದೆ. ಆದರೆ ಅದು ಕೂಗಿ ಮುಗಿಸುವ ಮೊದಲೇ ಮುಂದಿನ ಗುಂಡಿ ಒತ್ತಿದರೆ ಮಾತು ಅಲ್ಲಿಗೇ ಕತ್ತರಿಸುತ್ತದೆ. ಜೋರಾಗಿ ಹೊಡೆಯುವವರ ಪಾಡು ಇದು.

ಇನ್ನೊಂದು ಸಂಗತಿ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಜೊತೆಯಾಗಿ ಒತ್ತಿದರೂ ಅನೇಕ ಯಂತ್ರಗಳಲ್ಲಿ ಭಾಷೆ ಬದಲಾಗುತ್ತದೆ. ಮೌಸ್ ಹಿಡಿದವನು ಈ ಗುಂಡಿಗಳನ್ನು ಅಪರೂಪಕ್ಕೆ ಮುಟ್ಟುತ್ತಾನೆ. ಕಣ್ಣಿಲ್ಲದವನ ಇಡೀ ಸಂಸಾರ ಆಲ್ಟ್, ಶಿಫ್ಟ್, ಕಂಟ್ರೋಲ್‌ಗಳ ಮೇಲೆಯೇ ನಡೆಯುತ್ತದೆ. ಹಾಗಾಗಿ ಬೇಡದ ಹೊತ್ತಿನಲ್ಲಿ ಭಾಷೆ ಜಾರುವ ಅಪಾಯ ಅವನಿಗೇ ಹೆಚ್ಚು. ಯಾರಿಗೆ ಮೂಲೆಯ ಗುರುತು ಕಾಣುವುದಿಲ್ಲವೋ ಅವರ ಕೈಯಲ್ಲೇ ಗುರುತು ಹೆಚ್ಚು ಸಲ ಬದಲಾಗುತ್ತದೆ. ಎಂಥ ನ್ಯಾಯ!

ಇದು ವಿಂಡೋಸ್‌ನ ಸ್ವಂತ ಕೀಲಿಮಣೆಗಳ ಕಥೆಯಾಯಿತು. ಹೊರಗಿನಿಂದ ಹಾಕಿದ ತಂತ್ರಾಂಶಗಳದ್ದು ಇನ್ನೊಂದು ಕಥೆ. ಹಳೆಯ ನುಡಿಯಲ್ಲಿ ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ವಿಂಡೋಸ್‌ನ ಪಟ್ಟಿಯಲ್ಲಿ ಮಾತ್ರ ಭಾಷೆ ಇಂಗ್ಲಿಷ್ ಅಂತಲೇ ಇರುತ್ತದೆ. ವಿಂಡೋಸ್‌ಗೇ ಗೊತ್ತಿಲ್ಲದ ಸುದ್ದಿಯನ್ನು ಸ್ಕ್ರೀನ್ ರೀಡರ್ ಎಲ್ಲಿಂದ ತಂದೀತು? ಸ್ಕ್ರೋಲ್ ಲಾಕ್ ಎಂಬ ಗುಂಡಿಯ ಹೆಸರು ಹೇಳೀತು, ಭಾಷೆಯ ಹೆಸರು ಹೇಳಲಾರದು. ಕೀಲಿಮಣೆಯ ಮೂಲೆಯಲ್ಲಿ ಒಂದು ದೀಪ ಹೊತ್ತುತ್ತದಲ್ಲ ಅನ್ನುತ್ತಾರೆ. ದೀಪ ಯಾರಿಗೆ ಕಾಣಬೇಕು?

ಇದಿಷ್ಟೂ ಕೈಯ ಮಾತು. ಬಾಯಿಯದು ಪ್ರತ್ಯೇಕ. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಓದುವ ದನಿ ಕನ್ನಡಕ್ಕೆ ತಿರುಗುವುದಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ದನಿಯಿದ್ದರೆ ಕನ್ನಡ ಅಕ್ಷರ ಬಂದಾಗ ಎಷ್ಟೋ ಸಲ ಅದು ಸುಮ್ಮನಾಗಿಬಿಡುತ್ತದೆ. ಆ ಮೌನಕ್ಕೆ ಏನರ್ಥ? ಅಕ್ಷರ ಬಿದ್ದಿದೆ, ಓದಲು ಬರುತ್ತಿಲ್ಲ ಅಂತಲೋ? ಅಕ್ಷರವೇ ಬಿದ್ದಿಲ್ಲ ಅಂತಲೋ? ಯಂತ್ರವೇ ನಿಂತುಹೋಗಿದೆ ಅಂತಲೋ? ಕೂತವನು ಬೆವರುತ್ತಾನೆ. ಹಿಂದೆ ನಿಂತ ಸಾಹೇಬರು ‘ನಾ ಹೇಳ್ಲಿಲ್ಲೇನು, ಇವನ ಕಡಿಂದ ಆಗಂಗಿಲ್ಲ’ ಅನ್ನುತ್ತಾರೆ. ಕೆಟ್ಟಿದ್ದು ದನಿಯ ಆಯ್ಕೆ, ಹೆಸರು ಕೆಟ್ಟಿದ್ದು ಮನುಷ್ಯನದು.

ಪಾಸ್‌ವರ್ಡಿನ ಮುಂದೆ ಇದು ಇನ್ನೂ ಬಿಗಡಾಯಿಸುತ್ತದೆ. ಗುಟ್ಟು ಹೊರಬೀಳಬಾರದೆಂದು ಸ್ಕ್ರೀನ್ ರೀಡರ್ ಅಲ್ಲಿ ಪ್ರತಿ ಅಕ್ಷರಕ್ಕೂ ‘ಸ್ಟಾರ್, ಸ್ಟಾರ್’ ಅನ್ನುತ್ತದೆ. ಅದು ಸರಿಯೇ. ಆದರೆ ಕೀಲಿಮಣೆ ಕನ್ನಡದಲ್ಲಿ ನಿಂತಿದ್ದರೂ ಅದೇ ಸ್ಟಾರ್, ಇಂಗ್ಲಿಷಿನಲ್ಲಿದ್ದರೂ ಅದೇ ಸ್ಟಾರ್. ನಾಲ್ಕೈದು ಸಲ ತಪ್ಪಾದರೆ ಖಾತೆಗೆ ಬೀಗ. ಬೀಗ ತೆಗೆಸಲು ಮತ್ತೊಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕು.

ಅಳಿಸುವ ಪಾಡು

ಪದವಿಟ್ಟರೆ ಅಳಿಸುವುದಿಲ್ಲ ಎಂಬ ಹೆಮ್ಮೆ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಕುಮಾರವ್ಯಾಸನಿಗೆ ಇತ್ತು. ಕಚೇರಿ ಗುಮಾಸ್ತರಿಗೆ ಆ ಭಾಗ್ಯವಿಲ್ಲ. ಅಳಿಸಲೇಬೇಕು. ಅಳಿಸುವುದರಲ್ಲೂ ಕನ್ನಡಕ್ಕೆ ಅದರದೇ ಲೆಕ್ಕವಿದೆ.

‘ಕ್ಷೇತ್ರ’ ಅನ್ನುವುದು ಕಣ್ಣಿಗೆ ಎರಡಕ್ಷರ. ಯಂತ್ರದ ಒಳಗೆ ಅದು ಏಳು ತುಂಡು. ಕ, ಅರ್ಧಾಕ್ಷರದ ಗುರುತು, ಷ, ಏತ್ವದ ದೀರ್ಘ, ತ, ಮತ್ತೆ ಅರ್ಧಾಕ್ಷರದ ಗುರುತು, ರ. ಹಿಂದಕ್ಕೆ ಅಳಿಸುವ ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಮಾನ್ಯವಾಗಿ ಒಂದು ತುಂಡು ಮಾತ್ರ ಹೋಗುತ್ತದೆ. ಮುಂದಕ್ಕೆ ಅಳಿಸುವ ಡಿಲೀಟ್ ಒತ್ತಿದರೆ ಇಡೀ ಒತ್ತಕ್ಷರವೇ ಹಾರಿಹೋಗುತ್ತದೆ. ಕಣ್ಣಿದ್ದವನಿಗೆ ಉಳಿದದ್ದು ಕಾಣುತ್ತದೆ. ಕೇಳಿ ಬರೆಯುವವನು ಉಳಿದ ತುಂಡು ಎಷ್ಟು ಅಂತ ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕು. ಈ ಲೆಕ್ಕವನ್ನು ಕಲಿಸಿದರೆ ಒಂದು ವಾರದಲ್ಲಿ ಬರುತ್ತದೆ. ಕಲಿಸುವವರು ಬೇಕಷ್ಟೆ.

ಕೇಳಿ ಬರೆಯುವವನಿಗೆ ಒಂದು ಲಾಭವೂ ಇದೆ. ‘ಕರ್ನಾಟಕ’ ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಕಾಣೋದು ‘ನಾ’ ಆದಮೇಲೆ. ಹಾಗಾಗಿ ಹೊಸಬರು ಅದನ್ನು ನಂತರ ಹೊಡೆಯಲು ಹೋಗಿ ತಬ್ಬಿಬ್ಬಾಗುತ್ತಾರೆ. ಇನ್‌ಸ್ಕ್ರಿಪ್ಟೂ ನುಡಿಯೂ ಕೇಳುವುದು ಉಲಿಯುವ ಕ್ರಮವನ್ನು, ಅಂದರೆ ಮೊದಲು ರ್, ಆಮೇಲೆ ನಾ. ಕಿವಿಯಿಂದ ಬರೆಯುವವನಿಗೆ ಇದರಲ್ಲಿ ಗೊಂದಲವೇ ಇಲ್ಲ. ಕನ್ನಡದ ಕಾಗುಣಿತ ಕಿವಿಗಾಗಿಯೇ ಹುಟ್ಟಿದ್ದು. ಕಣ್ಣಿಲ್ಲದವನು ಕನ್ನಡ ಟೈಪಿಂಗಿಗೆ ನಾಲಾಯಕ್ಕು ಅನ್ನುವವರು ಈ ಒಂದು ಪದವನ್ನು ಕಣ್ಣುಮುಚ್ಚಿ ಉಲಿದು ನೋಡಲಿ.

ವೇಷ ಹಾಕಿದ ಇಂಗ್ಲಿಷ್

ಬರೆಯುವುದು ಹೀಗಾಯಿತು. ಓದುವುದರಲ್ಲಿ ಇನ್ನೊಂದು ಗೋಡೆ ಇದೆ, ಅದನ್ನು ಕಟ್ಟಿದ್ದು ಹಳೆಯ ಫಾಂಟುಗಳು.

ನುಡಿ ಹೆಸರಿನಲ್ಲಿ ಎರಡು ಸಾಮಾನುಗಳಿವೆ. ಒಂದು ಕೀಲಿಮಣೆಯ ನಕ್ಷೆ, ಇನ್ನೊಂದು ಹಳೆಯ ಫಾಂಟು. ಕಚೇರಿಗಳಲ್ಲಿ ಎರಡನ್ನೂ ಒಂದೇ ಅಂತ ತಿಳಿದಿದ್ದಾರೆ. ನಕ್ಷೆಯಲ್ಲಿ ತೊಂದರೆಯಿಲ್ಲ. ಅದೇ ನಕ್ಷೆಯಲ್ಲಿ ಬೆರಳಾಡಿಸಿ ಯೂನಿಕೋಡ್ ಕನ್ನಡವನ್ನೂ ಬರೆಯಬಹುದು. ತೊಂದರೆ ಹಳೆಯ ಫಾಂಟಿನದು. ಅದರಲ್ಲಿ ಬರೆದ ‘ಕ’ ಒಳಗಿನಿಂದ ಕ ಅಲ್ಲವೇ ಅಲ್ಲ. ಒಂದು ಇಂಗ್ಲಿಷ್ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು ಎ. ಅವಕ್ಕೆ ಕನ್ನಡದ ವೇಷ ಹಾಕಿ ನಿಲ್ಲಿಸಿದೆ. ಕಣ್ಣು ವೇಷಕ್ಕೆ ಮೋಸಹೋಗುತ್ತದೆ, ಸ್ಕ್ರೀನ್ ರೀಡರ್ ಹೋಗುವುದಿಲ್ಲ. ಅದು ಒಳಗಿರುವುದನ್ನೇ ಓದುತ್ತದೆ. ಪಿ, ಎ, ಇನ್ನೇನೋ ಗುರುತು. ಇಡೀ ಸುತ್ತೋಲೆ ಹೀಗೇ ಕಿವಿಗೆ ಬೀಳುತ್ತದೆ. ಸರಕಾರಿ ಆದೇಶವೋ ರಾಕ್ಷಸರ ಮಂತ್ರವೋ ಗೊತ್ತಾಗುವುದಿಲ್ಲ.

ಆ ಕಾಲಕ್ಕೆ ಅದು ಬಿಟ್ಟರೆ ದಾರಿ ಇರಲಿಲ್ಲ ಅನ್ನುವುದು ನಿಜ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿ ಬಂದ 2001ರಿಂದ ಸಾಮಾನ್ಯ ಯಂತ್ರದಲ್ಲೂ ಅದು ನಡೆಯುತ್ತಿದೆ. ಎರಡು ದಶಕ ದಾಟಿತು. ಹಳೆಯ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನ ನುಡಿಯ ಜೊತೆಗೇ ಇದೆ. ಆದರೂ ಹಳೆಯ ಫಾಂಟಿನಲ್ಲೇ ಪತ್ರ ಬರೆಯುವುದು, ಅದನ್ನು ಮುದ್ರಿಸುವುದು, ಸಹಿ ಹಾಕಿ ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಅಂತ ಕಳಿಸುವುದು ನಿಂತಿಲ್ಲ. ಸ್ಕ್ಯಾನ್ ಮಾಡಿದ ಪುಟ ಯಂತ್ರಕ್ಕೆ ಬರೀ ಚಿತ್ರ. ಅದರಿಂದ ಅಕ್ಷರ ಹೆಕ್ಕಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ತಂತ್ರಾಂಶ ಕಟ್ಟಿದ್ದಾರೆ. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಚಿತ್ರದಿಂದ ಅಕ್ಷರ ತೆಗೆಯುತ್ತಾರೆ. ಕಚೇರಿಯಲ್ಲಿ ಒಂದು ನಿಮಿಷದಲ್ಲಿ ಅಕ್ಷರವನ್ನು ಚಿತ್ರ ಮಾಡುತ್ತಾರೆ!

ಪರೀಕ್ಷೆಯ ದಿನ

ಇದೆಲ್ಲ ಹೊಟ್ಟೆಪಾಡಿಗೆ ತಾಗುವುದು ಪರೀಕ್ಷೆಯ ಹಾಲಿನಲ್ಲಿ. ಹಳ್ಳಿಯಿಂದ ಬಂದ ಅಂಧ ಹುಡುಗಿಯೊಬ್ಬಳನ್ನು ಎಣಿಸಿಕೊಳ್ಳಿ. ಎರಡು ವರ್ಷ ಇನ್‌ಸ್ಕ್ರಿಪ್ಟ್ ಅಭ್ಯಾಸ ಮಾಡಿದ್ದಾಳೆ. ಬೆರಳಿಗೆ ಅದೇ ಒಗ್ಗಿದೆ. ಹಾಲಿನ ಯಂತ್ರದಲ್ಲಿ ನುಡಿ ಮಾತ್ರ ಇದೆ. ಅಥವಾ ಎರಡೂ ಇವೆ, ಯಾವುದು ನಡೆಯುತ್ತಿದೆ ಅಂತ ಹೇಳುವ ದನಿ ಇಲ್ಲ. ಅಥವಾ ದನಿ ಇದೆ, ಕನ್ನಡ ಬಾರದು. ಮೊದಲ ಕಾಲು ಗಂಟೆ ಇದನ್ನು ಹುಡುಕುವುದರಲ್ಲೇ ಹೋಗುತ್ತದೆ. ಮೇಲ್ವಿಚಾರಕರಿಗೆ ಇನ್‌ಸ್ಕ್ರಿಪ್ಟ್ ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಫಲಿತಾಂಶದ ಹಾಳೆಯಲ್ಲಿ ‘ಅನುತ್ತೀರ್ಣ’ ಅಂತ ಬೀಳುತ್ತದೆ. ಕೀಲಿಮಣೆ ತಪ್ಪಿತ್ತು ಅಂತ ಬರೆಯಲು ಆ ಹಾಳೆಯಲ್ಲಿ ಕಾಲಮ್ಮು ಇರುವುದಿಲ್ಲ.

ಕೇಂದ್ರ ಸರಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಮೊದಲೇ ಊಹಿಸಿತ್ತು. ಬ್ರೈಲ್, ಕಂಪ್ಯೂಟರ್, ದೊಡ್ಡಕ್ಷರ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಸಾಧ್ಯವಾದಷ್ಟೂ ಅಭ್ಯರ್ಥಿಗೆ ಕೊಡಬೇಕೆಂದಿತು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಸಮಯ ಕೊಡಬೇಕೆಂದಿತು. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಯಂತ್ರವನ್ನು ಒಂದು ದಿನ ಮೊದಲೇ ಪರೀಕ್ಷಿಸಿ ನೋಡಲು ಬಿಡಬೇಕು, ದೋಷವಿದ್ದರೆ ಸರಿಪಡಿಸಬೇಕು ಅಂತಲೂ ಹೇಳಿತು. ಆ ಒಂದು ದಿನದಲ್ಲಿ ಆಗಬೇಕಾದ್ದು ಹತ್ತು ನಿಮಿಷದ ಕೆಲಸ. ಯಾವ ಕೀಲಿಮಣೆ, ಯಾವ ದನಿ, ಎರಡೂ ಇವೆಯೋ ಇಲ್ಲವೋ ಅಂತ ನೋಡುವುದು. ಆ ಹತ್ತು ನಿಮಿಷ ಕೊಡದಿದ್ದರೆ ಎರಡು ವರ್ಷದ ಅಭ್ಯಾಸಕ್ಕೆ ಎಳ್ಳುನೀರು.

ಕಾಸಿಲ್ಲದ ಪರಿಹಾರ

ಸರಕಾರಿ ಕೆಲಸವೆಂದರೆ ಮೊದಲು ಕೇಳುವ ಮಾತು ‘ಅನುದಾನ ಎಲ್ಲೈತ್ರಿ?’ ಇಲ್ಲಿ ಅನುದಾನದ ಮಾತೇ ಬೇಡ.

ಒಂದು, ಸುತ್ತು ಹೊಡೆದು ಭಾಷೆ ಬದಲಿಸುವ ಪದ್ಧತಿಯನ್ನು ಬಿಡುವುದು. ವಿಂಡೋಸ್‌ನ ಕೀಲಿಮಣೆ ಸೆಟ್ಟಿಂಗಿನಲ್ಲಿ ಒಂದೊಂದು ಭಾಷೆಗೂ ಬೇರೆಬೇರೆ ಗುಂಡಿ ಗೊತ್ತುಮಾಡುವ ಸೌಲಭ್ಯವಿದೆ. ಎಡ ಆಲ್ಟ್, ಶಿಫ್ಟ್ ಜೊತೆ 1 ಒತ್ತಿದರೆ ಇಂಗ್ಲಿಷ್, 2 ಒತ್ತಿದರೆ ಕನ್ನಡ. ಈಗ ಯಾವುದರಲ್ಲಿದ್ದೇನೆ ಅನ್ನುವ ಚಿಂತೆಯೇ ಬೇಡ. ಸಂಶಯ ಬಂದರೆ ಬೇಕಾದ ಗುಂಡಿಯನ್ನು ಇನ್ನೊಮ್ಮೆ ಒತ್ತಿದರಾಯಿತು. ಅಲ್ಲಿದ್ದರೆ ಅಲ್ಲೇ ಇರುತ್ತದೆ, ಇಲ್ಲದಿದ್ದರೆ ಬರುತ್ತದೆ. ಪಾಸ್‌ವರ್ಡಿಗೆ ಮುಂಚೆ 1 ಒತ್ತುವ ಅಭ್ಯಾಸ ಮಾಡಿಕೊಂಡರೆ ಖಾತೆಗೆ ಬೀಗ ಬೀಳುವ ಭಯ ಬಹುಪಾಲು ಹೋಗುತ್ತದೆ.

ಎರಡು, ಬೇಡದ ಕೀಲಿಮಣೆಗಳನ್ನು ಪಟ್ಟಿಯಿಂದ ಕಿತ್ತುಹಾಕುವುದು. ಆ ಮೇಜಿನಲ್ಲಿ ಕೂರುವವನಿಗೆ ಬೇಕಾದ ಒಂದು ಇಂಗ್ಲಿಷ್, ಒಂದು ಕನ್ನಡ ಸಾಕು. ಯಾವ ಕನ್ನಡ ಅಂತ ಅವನನ್ನೇ ಕೇಳಬೇಕು.

ಮೂರು, ಕನ್ನಡ ಓದುವ ದನಿ ಹಾಕಿ, ಒತ್ತಿದ ಅಕ್ಷರವನ್ನು ಹೇಳುವ ಸೌಲಭ್ಯ ತೆರೆದಿಡುವುದು. ಎನ್‌ವಿಡಿಎಯಲ್ಲಿ ಅದರದೇ ಗುಂಡಿಯ ಜೊತೆ 2 ಒತ್ತಿದರೆ ಅಕ್ಷರ, 3 ಒತ್ತಿದರೆ ಪದ. ಕನ್ನಡ ಬರೆಯುವಾಗ ಅಕ್ಷರ ಕೇಳುವುದು, ಇಂಗ್ಲಿಷಿಗೆ ಪದ ಸಾಕು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಬಗೆಯ ದನಿಯನ್ನು ಗೊತ್ತುಮಾಡಿ ಇಡಲೂ ಬರುತ್ತದೆ.

ನಾಲ್ಕು, ಯಂತ್ರ ಹೊತ್ತಿದ ಕೂಡಲೇ, ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ಸ್ಕ್ರೀನ್ ರೀಡರ್ ಶುರುವಾಗುವ ಹಾಗೆ ಮಾಡುವುದು. ಆ ಆಯ್ಕೆ ಎನ್‌ವಿಡಿಎಯಲ್ಲಿದೆ. ಒತ್ತಲು ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕು. ಅಂದರೆ ಗುಮಾಸ್ತ ಒಬ್ಬನೇ ಮಾಡಲಾಗದು, ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು ಒಮ್ಮೆ ಬಂದು ಮಾಡಿಕೊಡಬೇಕು.

ಐದು, ಇನ್ನು ಮುಂದೆ ಬರೆಯುವ ಪ್ರತಿ ಪತ್ರವೂ ಯೂನಿಕೋಡ್‌ನಲ್ಲಿ. ಸ್ಕ್ಯಾನ್ ಪ್ರತಿಯ ಜೊತೆ ಮೂಲ ಕಡತವನ್ನೂ ಕಳಿಸುವುದು.

ಐದಕ್ಕೂ ಸೇರಿ ಆಗುವ ಖರ್ಚು ಶೂನ್ಯ. ಒಂದು ಮಧ್ಯಾಹ್ನ ಸಾಕು. ಬೇಕಾದ್ದು ಒಂದೇ, ಆ ಮೇಜಿನವನನ್ನು ಕೇಳುವ ಮನಸ್ಸು.

ಮಾತಾಡಿದರೆ ಅಕ್ಷರವಾಗುವ ಸೌಲಭ್ಯ ಈಗ ಫೋನಿನಲ್ಲೂ ಇದೆಯಲ್ಲ, ಕೀಲಿಮಣೆ ಯಾಕೆ ಅನ್ನುವವರೂ ಇದ್ದಾರೆ. ಸರಿ, ಮನೆಯಲ್ಲಿ ಕೂತು ಗೆಳೆಯನಿಗೆ ಸಂದೇಶ ಕಳಿಸಲು ಅದು ಸಾಕು. ಹತ್ತು ಮೇಜುಗಳ ಕಚೇರಿಯಲ್ಲಿ ಯಾರದೋ ವಿಚಾರಣೆಯ ಗೋಪ್ಯ ಟಿಪ್ಪಣಿಯನ್ನು ಗಟ್ಟಿಯಾಗಿ ಹೇಳಿ ಬರೆಸಲಾದೀತೇ? ಸರ್ವೆ ನಂಬರು, ಮನೆತನದ ಹೆಸರು, ಹಳ್ಳಿಯ ಹೆಸರು ತಪ್ಪಿಲ್ಲದೆ ಬರಬೇಕಾದರೆ ಕೊನೆಗೆ ಬೆರಳೇ ಗತಿ.

ಕಾನೂನು ಏನು ಹೇಳುತ್ತದೆ

ಇದನ್ನು ದಯೆ ಅಂತ ತಿಳಿದವರಿಗೆ ಒಂದು ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲು, ಅದರಲ್ಲಿ ಶೇಕಡಾ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ. ಹುದ್ದೆ ಕೊಟ್ಟು ಸುಮ್ಮನೆ ಕೂರಿಸಿದರೆ ಕಾಯ್ದೆ ಮುಗಿಯಲಿಲ್ಲ. ಅದರ 20ನೇ ಕಲಮು, ಕೆಲಸ ಮಾಡಲು ತಕ್ಕ ಹೊಂದಾಣಿಕೆಯನ್ನು ಸರಕಾರಿ ಸಂಸ್ಥೆ ಮಾಡಿಕೊಡಲೇಬೇಕು ಅನ್ನುತ್ತದೆ. 23ನೇ ಕಲಮಿನ ಪ್ರಕಾರ ಪ್ರತಿ ಸರಕಾರಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು. ಆ ಅಧಿಕಾರಿ ಯಾರು ಅಂತ ಎಷ್ಟು ಕಚೇರಿಗಳ ಬಾಗಿಲ ಮೇಲೆ ಬರೆದಿದೆ, ಓದುಗರೇ ನೋಡಿಕೊಂಡು ಬರಬಹುದು.

ಸರ್ವೋಚ್ಚ ನ್ಯಾಯಾಲಯವೂ ಎರಡು ಸಲ ಮಾತಾಡಿದೆ. ರಾಜೀವ್ ರತೂರಿ ಅವರ ಪ್ರಕರಣದಲ್ಲಿ 2024ರ ನವೆಂಬರ್ 8ರಂದು, ಸುಗಮ ಬಳಕೆಯ ನಿಯಮಗಳು ಮಾಡಿದರೆ ಮಾಡಬಹುದು ಎಂಬ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಅವರ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. ಬದುಕುವ ಹಕ್ಕು! ಒಂದು ಕೀಲಿಮಣೆಯ ಸೆಟ್ಟಿಂಗಿಗೆ ಇಷ್ಟು ದೊಡ್ಡ ಮಾತೇ ಅಂತ ನಗುವವರು ಆ ಮೇಜಿನ ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಗಂಟೆ ಕೂತು ಬರಲಿ.

2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಎಲ್ಲರೂ ಹಾಡುಗಾರರಾಗಲಾರರು, ಆಗಬೇಕಾಗಿಯೂ ಇಲ್ಲ. ಅವರಲ್ಲಿ ಲೆಕ್ಕ ಬರೆಯುವವರು, ಪಾಠ ಹೇಳುವವರು, ಬ್ಯಾಂಕಿನಲ್ಲಿ ಕೂರುವವರು, ವಕೀಲಿ ಮಾಡುವವರು ಎಲ್ಲ ಇದ್ದಾರೆ. ಅವರಿಗೆ ಎರಡು ಭಾಷೆ ಬೇಕೇಬೇಕು. ಆಡಳಿತ ನಡೆಯುವುದು ಕನ್ನಡದಲ್ಲಿ. ಯಂತ್ರದ ಆಜ್ಞೆ, ಮಿಂಚಂಚೆಯ ವಿಳಾಸ, ಪಾಸ್‌ವರ್ಡು ಇಂಗ್ಲಿಷಿನಲ್ಲಿ. ಒಂದು ಪುಟ ಮುಗಿಯುವಷ್ಟರಲ್ಲಿ ಇಪ್ಪತ್ತು ಸಲ ಆಚೆ ಈಚೆ ದಾಟಬೇಕು. ಕನ್ನಡ ಕಡ್ಡಾಯ ಅಂತ ಆದೇಶ ಹೊರಡಿಸುವವರು, ಆ ದಾಟುವ ಹೊಸ್ತಿಲಿನಲ್ಲಿ ಒಂದು ಮಾತು ಕೇಳಿಸುವ ಹಾಗೆ ಮಾಡಿದ್ದರೆ ಕನ್ನಡಕ್ಕೂ ಇಷ್ಟು ನೌಕರರು ಹೆಚ್ಚು ದಕ್ಕುತ್ತಿದ್ದರು. ಈಗ ಆಗುತ್ತಿರುವುದೇನು? ಕನ್ನಡ ಬಲ್ಲ ಅಂಧ ಪದವೀಧರ, ಕನ್ನಡ ಹೊಡೆಯುವುದೇ ರಗಳೆ ಅಂತ ಇಂಗ್ಲಿಷಿಗೆ ಅಂಟಿಕೊಳ್ಳುತ್ತಾನೆ. ಇಂಗ್ಲಿಷ್ ಬಾರದವನು ಫೋನ್ ಎತ್ತುವ ಕುರ್ಚಿಗೆ ಹೋಗುತ್ತಾನೆ.

ಜಿಲ್ಲಾ ಆಡಳಿತಕ್ಕೆ ಒಂದು ಸುತ್ತೋಲೆ ಹೊರಡಿಸುವುದು ಕಷ್ಟವಲ್ಲ. ಅಂಧ ನೌಕರರಿರುವ ಪ್ರತಿ ಮೇಜಿನಲ್ಲೂ ಯಾವ ಕೀಲಿಮಣೆ ಬೇಕು ಅಂತ ಅವರನ್ನೇ ಕೇಳಿ ಹಾಕಿಕೊಡಿ. ಕನ್ನಡ ಓದುವ ದನಿ ಹಾಕಿಕೊಡಿ. ಮುಂದಿನ ನೇಮಕಾತಿ ಪರೀಕ್ಷೆಯ ಅರ್ಜಿಯಲ್ಲಿ ‘ಇನ್‌ಸ್ಕ್ರಿಪ್ಟೋ ನುಡಿಯೋ’ ಅಂತ ಒಂದು ಚೌಕ ಸೇರಿಸಲು ಮೇಲಿನವರಿಗೆ ಬರೆಯಿರಿ. ಮತ್ತೆ, ದಯವಿಟ್ಟು, ಆ ಸುತ್ತೋಲೆಯನ್ನು ಹಳೆಯ ಫಾಂಟಿನಲ್ಲಿ ಬರೆಯಬೇಡಿ. ಯಾರಿಗಾಗಿ ಬರೆದಿರೋ ಅವರ ಕಿವಿಗೆ ಅದು ‘ಪಿ ಎ’ ಅಂತಲೇ ಬೀಳುತ್ತದೆ.